ಬೇಸಿಗೆ ಲೆಕ್ಕದ ಮದುವೆ

ಹೊಂಗೆದೊಡ್ಡಿಯಲ್ಲಿ ಯಾರನ್ನು ಬೇಕಾದರೂ ಕೇಳಿ, ದೊಡ್ಡಹನುಮಯ್ಯನ ಮಗಳು ಲತಾಮಣಿ ಓಡಿಹೋಗಿ ಮದುವೆಯಾದಳು ಎಂದೇ ಹೇಳುತ್ತಾರೆ. ಶುದ್ಧ ಸುಳ್ಳು. ಅವಳು ಓಡಲಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದು, ಕೂತುಕೊಂಡು ಹೋದಳು. ಪಕ್ಕದ ಸೀಟಿನಲ್ಲಿ ನಾನಿದ್ದೆ, ಟಿಕೆಟ್ ತೆಗೆಸಿದವಳೂ ನಾನೇ. ಅದೂ ಗೊತ್ತು ಮಾಡಿದ ದಿನಕ್ಕಿಂತ ಒಂದು ವಾರ ತಡವಾಗಿ. ಓಡಿಹೋಗುವವರು ಎಲ್ಲಾದರೂ ವಾರಗಟ್ಟಲೆ ತಡ ಮಾಡುತ್ತಾರೆಯೇ?

ನನ್ನ ಹೆಸರು ಕೆಂಪಮ್ಮ. ಅಜ್ಜಿ ಸತ್ತ ವರ್ಷ ಹುಟ್ಟಿದ್ದರಿಂದ ಅಜ್ಜಿಯ ಹೆಸರೇ ನನಗೆ ಗಂಟುಬಿತ್ತು. ಗೋಡೆಯಾಚೆ ಮನೆಯವಳಿಗೆ ಮಾತ್ರ ಲತಾಮಣಿ ಎಂಬ ಸೊಗಸಾದ ಹೆಸರು. ಆ ಹೊಟ್ಟೆಕಿಚ್ಚು ನನಗೆ ಒಂದನೇ ಕ್ಲಾಸಿನಿಂದಲೂ ಇತ್ತು. ಅಷ್ಟಿದ್ದರೂ ಅವಳನ್ನು ಬಿಟ್ಟು ಒಂದು ದಿನ ಇದ್ದವಳಲ್ಲ ನಾನು.

ರಾಮನಗರದಿಂದ ಕನಕಪುರಕ್ಕೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ನಮ್ಮೂರು. ಆಗೆಲ್ಲ ಮನೆಗಳಲ್ಲಿ ಮನುಷ್ಯರಿಗಿಂತ ರೇಷ್ಮೆಹುಳಕ್ಕೇ ಹೆಚ್ಚು ಜಾಗ. ಹುಳ ನಾಲ್ಕು ಸಲ ಮೇವು ಬಿಟ್ಟು, ತಲೆಯೆತ್ತಿ ಕೂತು, ಪೊರೆ ಕಳಚುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಮೇಲೆ ಒಂದು ವಾರ ಹಿಪ್ಪುನೇರಳೆ ಸೊಪ್ಪನ್ನು ಮುಕ್ಕಿ ಮುಕ್ಕಿ, ಒಂದು ಬೆಳಿಗ್ಗೆ ಮೈ ಹಳದಿಗೆ ತಿರುಗಿ ಹಣ್ಣಾಗುತ್ತದೆ. ಆ ದಿನ ಮನೆಯಲ್ಲಿ ಯಾರಿಗೂ ಬೇರೆ ಕೆಲಸವಿಲ್ಲ. ಹಣ್ಣಾದ ಹುಳವನ್ನೆಲ್ಲ ಕೈಯಲ್ಲಿ ಆಯ್ದು ಬಿದಿರಿನ ಚಂದ್ರಿಕೆಗಳ ಮೇಲೆ ಬಿಡಬೇಕು, ಅಲ್ಲಿ ಅವು ಗೂಡು ಕಟ್ಟುತ್ತವೆ. ತಡವಾದರೆ ಸೊಪ್ಪಿನ ಕಸದಲ್ಲೇ ನೂಲು ಬಿಟ್ಟು ಹಾಳಾಗುತ್ತವೆ, ತಿಂಗಳ ದುಡಿಮೆ ಮಣ್ಣುಪಾಲು. ನೆಂಟರ ಮದುವೆ ಇರಲಿ, ಶಾಲೆಯ ಪರೀಕ್ಷೆ ಇರಲಿ, ಹಣ್ಣು ಹುಳದ ಮುಂದೆ ಯಾವುದೂ ನಡೆಯುವುದಿಲ್ಲ.

ನಾವು ಏಳನೇ ಕ್ಲಾಸಿನಲ್ಲಿದ್ದಾಗ ಶಾಲೆಯಿಂದ ಮೈಸೂರಿಗೆ ಟೂರು ಹೊರಟಿತು. ಲತಾಮಣಿ ಎರಡು ಜಡೆ ಹಾಕಿಸಿಕೊಂಡು, ರಿಬ್ಬನ್ ಕಟ್ಟಿಕೊಂಡು ತಯಾರಾಗಿದ್ದಳು. ಅಂದು ಬೆಳಿಗ್ಗೆ ಅವರ ಮನೆಯ ಹುಳ ಹಣ್ಣಾದವು. ರಿಬ್ಬನ್ ಕಟ್ಟಿಕೊಂಡೇ ಹುಳ ಆಯುತ್ತ ಕೂತಳು. ನಾನು ಅರಮನೆ ನೋಡಿ ಬಂದು ಅದರ ಬಾಗಿಲು, ಕಂಬ, ಬಣ್ಣದ ಗಾಜುಗಳನ್ನೆಲ್ಲ ವರ್ಣಿಸಿ ವರ್ಣಿಸಿ ಅವಳ ಹೊಟ್ಟೆ ಉರಿಸಿದೆ. ಹೆಸರಿನ ಸೇಡು ತೀರಿತು ಅಂದುಕೊಂಡೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಎರಡು ಸಾವಿರದ ಇಸವಿ ದಾಟುವ ಹೊತ್ತಿಗೆ ಬಿಡದಿಯಲ್ಲಿ ಫ್ಯಾಕ್ಟರಿಗಳು ಒಂದರ ಹಿಂದೊಂದು ಎದ್ದವು. ಪಿಯುಸಿಯಲ್ಲಿ ಇಬ್ಬರೂ ಡುಮ್ಕಿ ಹೊಡೆದಿದ್ದೆವು. ಕಾರಿನೊಳಗೆ ಕೂರಿಸುವ ವೈರುಗಳನ್ನು ಕಟ್ಟು ಕಟ್ಟುವ ಒಂದು ಫ್ಯಾಕ್ಟರಿಗೆ ಸೇರಿಕೊಂಡೆವು. ನೀಲಿ ಕೋಟು, ತಲೆಗೆ ಟೋಪಿ, ಕುತ್ತಿಗೆಗೆ ಫೋಟೋ ಇರುವ ಕಾರ್ಡು. ಊರ ಬಾಗಿಲಿಗೆ ಕಂಪನಿ ವ್ಯಾನು ಬಂದು ಹಾರನ್ ಹೊಡೆದಾಗ ನಮ್ಮ ಜಂಬ ನೋಡಬೇಕಿತ್ತು. ಆ ಫ್ಯಾಕ್ಟರಿಯಲ್ಲಿ ವರ್ಷವಿಡೀ ಒಂದೇ ಹವಾ. ಹೊರಗೆ ಸೆಕೆಯೋ ಚಳಿಯೋ ಒಳಗಿದ್ದವರಿಗೆ ತಿಳಿಯುತ್ತಲೇ ಇರಲಿಲ್ಲ. ಮುಂದೆ ನಡೆದ ಎಡವಟ್ಟಿಗೆಲ್ಲ ಅದೇ ಮೂಲ ಎಂದು ನನ್ನ ಅಭಿಪ್ರಾಯ.

ಅಲ್ಲಿನ ಸ್ಟೋರಿನಲ್ಲಿ ಮಧುಕುಮಾರ್ ಇದ್ದ. ಚನ್ನಪಟ್ಟಣದವನು, ಅವನ ಮನೆಯವರು ತಲೆಮಾರಿನಿಂದ ಮರದ ಬೊಂಬೆಗೆ ಬಣ್ಣ ಹಾಕುವವರು. ಮಾತು ಕಡಿಮೆ, ನಕ್ಕರೆ ಪೂರ್ತಿ ನಗುತ್ತಿದ್ದ. ಸಂಬಳದ ದಿನ ಬಿಡದಿಯಲ್ಲಿ ತಟ್ಟೆ ಇಡ್ಲಿ ತಿನ್ನಲು ನಾವು ಮೂವರು ಹೋಗುತ್ತಿದ್ದೆವು. ಕೆಲವು ತಿಂಗಳಲ್ಲಿ ಆ ಮೂವರಲ್ಲಿ ನಾನೊಬ್ಬಳು ಹೆಚ್ಚಾದೆ ಎಂದು ನನಗೇ ತಿಳಿಯಿತು. ಇಡ್ಲಿ ಬಿಡಲು ಮನಸ್ಸಿಲ್ಲದೆ ಆಮೇಲೂ ಹೋಗುತ್ತಿದ್ದೆ.

ಜಾತಿ ಬೇರೆ. ಮನೆಯಲ್ಲಿ ಬಾಯಿ ಬಿಟ್ಟರೆ ಅಂದಿಗೇ ಫ್ಯಾಕ್ಟರಿ ಬಂದ್, ತಿಂಗಳೊಳಗೆ ಯಾವನಿಗೋ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದರು. ಹಾಗಾಗಿ ಗುಟ್ಟಾಗಿ ಮದುವೆಯಾಗುವುದೆಂದು ತೀರ್ಮಾನವಾಯಿತು. ಎಲ್ಲಿ? ಕನಕಪುರದಲ್ಲಿ ಅವಳ ಅವ್ವನ ತವರು, ಮಾಗಡಿಯಲ್ಲಿ ದೊಡ್ಡಪ್ಪ, ಚನ್ನಪಟ್ಟಣದಲ್ಲಿ ಹುಡುಗನ ಬಳಗ, ರಾಮನಗರದ ಗೂಡಿನ ಮಾರ್ಕೆಟ್ಟಿನಲ್ಲಿ ಅವಳ ಅಪ್ಪನಿಗೆ ಗುರುತಿಲ್ಲದ ಮುಖವೇ ಇಲ್ಲ. ಲತಾಮಣಿ ಮಾತ್ರ ಮೊದಲಿನಿಂದ ಒಂದೇ ಪಟ್ಟು ಹಿಡಿದಿದ್ದಳು.

"ಮೈಸೂರೇ ಆಗ್ಬೇಕು ಕಣೆ. ಅವತ್ತು ತಪ್ಪೋಯ್ತಲ್ಲ, ಇವಾಗ ಮದ್ವೆ ಆಗೇ ಅರಮನೆ ನೋಡ್ತೀನಿ."

ಅರಮನೆಯ ಕೋಟೆಯ ಒಳಗೆ ಒಂದು ಸಣ್ಣ ಗುಡಿ ಗೊತ್ತು ಮಾಡಿದೆವು. ನಾಲ್ಕೇ ಜನ: ಹುಡುಗ, ಹುಡುಗಿ, ನಾನು, ಮಧುವಿನ ಗೆಳೆಯ ಮನೋಹರ್. ಮನೋಹರ್ ಪೂಜಾರಪ್ಪನಿಗೆ ಫೋನು ಮಾಡಿ ವಯಸ್ಸಿನ ದಾಖಲೆಗೆ ಮಾರ್ಕ್ಸ್ ಕಾರ್ಡು ತರಬೇಕೆಂದು ತಿಳಿದುಕೊಂಡ. ಮದುವೆಯ ಸೀರೆ ನನ್ನ ಟ್ರಂಕಿನ ತಳದಲ್ಲಿ ಕೂತಿತು. ಮಿಕ್ಕಿದ್ದು ಮನೆಯಿಂದ ಹೊರಬೀಳುವ ದಿನ. ಡ್ಯೂಟಿಯ ನೆಪ ಹೇಳುವಂತಿರಲಿಲ್ಲ, ಊರ ಬಾಗಿಲಲ್ಲಿ ವ್ಯಾನು ಹತ್ತದಿದ್ದರೆ ಊರಿಗೆಲ್ಲ ಗೊತ್ತಾಗುತ್ತಿತ್ತು. ಅದಕ್ಕೆ ಲತಾಮಣಿಯದೇ ಯೋಜನೆ. ಗೂಡು ಮಾರ್ಕೆಟ್ಟಿಗೆ ಹೋದ ದಿನ ಅಪ್ಪ ಸಂಜೆಯವರೆಗೆ ಬರುವುದಿಲ್ಲ. ತಿಂಗಳಿಡೀ ನಿದ್ದೆಗೆಟ್ಟ ಅವ್ವ ಮಾಯಮ್ಮ ಅಂದು ಬೆಳಿಗ್ಗೆ ಮಲಗಿದರೆ ಮೈಮೇಲೆ ಸೂರು ಬಿದ್ದರೂ ಏಳುವುದಿಲ್ಲ. ಮರಿಹುಳ ತಂದ ದಿನದಿಂದ ಬೆರಳು ಮಡಚಿ ಎಣಿಸಿದಳು. ಇಪ್ಪತ್ತನಾಲ್ಕನೇ ದಿನ ಗೂಡು ಮಾರ್ಕೆಟ್ಟಿಗೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಎರಡು ಸಾವಿರದ ನಾಲ್ಕರ ಜನವರಿ ಕೊನೆಯ ಶುಕ್ರವಾರದ ಮೇಲೆ, ಪೆನ್ಸಿಲಿನಿಂದ ಒಂದು ಸಣ್ಣ ಚುಕ್ಕಿ ಇಟ್ಟಳು.

ಲೆಕ್ಕ ಸರಿಯೇ, ಆದರೆ ಅದು ಬೇಸಿಗೆಯ ಲೆಕ್ಕ. ಚಳಿಯಲ್ಲಿ ಹುಳ ನಿಧಾನ, ಮೇವೂ ನಿಧಾನ, ಜ್ವರವೂ ನಿಧಾನ. ಹುಳದ ಮನೆಯಲ್ಲೇ ಹುಟ್ಟಿ ಬೆಳೆದವಳು ಮೂರು ವರ್ಷ ಫ್ಯಾಕ್ಟರಿಯ ಗಾಳಿ ಕುಡಿದು ಅದನ್ನೇ ಮರೆತಿದ್ದಳು. ನಾನೂ ಮರೆತಿದ್ದೆ, ಬೈಯುವ ಯೋಗ್ಯತೆ ನನಗಿಲ್ಲ. ಹದಿನೈದು ದಿನ ಕಳೆದರೂ ಹುಳ ನಾಲ್ಕನೇ ಜ್ವರದಿಂದ ಎದ್ದಿರಲಿಲ್ಲ. ಲತಾಮಣಿ ಮತ್ತೆ ಮತ್ತೆ ಬೆರಳು ಮಡಚಿ ಎಣಿಸಿದಳು.

"ಬುಟ್ಟಾಕು. ಹುಳ ಎಂಗಾನಾ ಇರ್ಲಿ, ನೀನು ಬಂದ್ಬುಡು" ಎಂದೆ.

"ಹಣ್ಣಾಗೋ ಟೈಮಲ್ಲಿ ಅವ್ವನ್ನ ಒಬ್ಳನ್ನೇ ಬುಟ್ಟು ಎಂಗೆ ಬರ್ಲಿ? ಅಷ್ಟೊತ್ಗೆ ಚಂದ್ರಿಕೆಗೆ ಬುಟ್ಟಾಗಿದ್ರೆ ಬತ್ತೀನಿ."

ಹುಳವನ್ನು ಅವಸರ ಮಾಡಿಸಲು ಹೊರಟಳು. ಫ್ಯಾಕ್ಟರಿಯಿಂದ ಬಂದವಳೇ ಹುಳದ ಮನೆಯಲ್ಲಿ ಬಾಣಲಿ ತುಂಬ ಕೆಂಡ ಇಟ್ಟು, ಕಿಟಕಿಗೆ ಗೋಣಿತಾಟು ಕಟ್ಟಿ ಕಾವು ಕೊಟ್ಟಳು. ದೊಡ್ಡಹನುಮಯ್ಯ ಜಗಲಿಯಲ್ಲಿ ಕೂತು ನಮ್ಮಪ್ಪನಿಗೆ ಹೇಳುತ್ತಿದ್ದ: "ಡ್ಯೂಟಿ ಮುಗಿಸ್ಕಂಡು ಬಂದು ಹುಳದ ಮನೆ ಸೇರ್ಕತಾಳೆ ಕಣಪ್ಪ ನನ್ ಮಗಳು. ಇಂಥ ಮಗೀನ ಯಾವನ ಮನೆಗೆ ಕಳಿಸ್ಲಿ ಯೋಳು." ಅದನ್ನು ಕೇಳಿಸಿಕೊಂಡು ಅವಳು ಕೆಂಡದ ಹೊಗೆಗೆ ಎಂಬಂತೆ ಕಣ್ಣೊರೆಸಿಕೊಂಡಳು.

ಗುರುವಾರ ರಾತ್ರಿಯಾದರೂ ಹುಳ ಹಣ್ಣಾಗಲಿಲ್ಲ, ನನ್ನ ಕಾಟಕ್ಕೆ ಕೊನೆಗೂ ಬರುತ್ತೇನೆಂದು ಒಪ್ಪಿದಳು. ಆ ಶುಕ್ರವಾರ ನಾನು ಸೀರೆಯ ಬ್ಯಾಗು ಹಿಡಿದು ಮೊದಲ ಬಸ್ಸಿಗೆ ಹೋದೆ, ಅವಳು ಎರಡನೆಯದಕ್ಕೆ ಬರಬೇಕು. ರಾಮನಗರದ ಸ್ಟೇಷನ್ನಿನಲ್ಲಿ ಮಧು ಹೊಸ ಶರಟು ಹಾಕಿ ಬೆಂಚಿನ ತುದಿಯಲ್ಲಿ ಕೂತಿದ್ದ. ಎರಡನೇ ಬಸ್ಸು ಬಂತು, ಮೂರನೆಯದೂ ಬಂತು. ಮೈಸೂರಿನ ರೈಲು ಬಂದು ನಿಂತು ಹೊರಟೇ ಹೋಯಿತು. ಅವನು ಕೇಳಿದ್ದು ಒಂದೇ ಮಾತು: "ಮನಸ್ಸು ಬದಲಾಯ್ಸಿದ್ರಾ ಕೆಂಪಮ್ಮೋರೆ?" ನನಗೆ ಬಂದ ಸಿಟ್ಟಿಗೆ ಅವಳ ಜುಟ್ಟು ಹಿಡಿದು ಎಳೆದು ತರುತ್ತೇನೆಂದುಕೊಂಡು ಊರಿಗೆ ವಾಪಸು ಬಸ್ಸು ಹತ್ತಿದೆ.

ಹುಳದ ಮನೆ ಹೊಕ್ಕಾಗ ಸಿಟ್ಟು ಹೊಸಲಲ್ಲೇ ಇಳಿಯಿತು. ಹುಳದ ತಟ್ಟೆ ತಟ್ಟೆಯೂ ಹಳದಿ. ಅವಳು ಕೊಟ್ಟ ಕಾವಿಗೆ ಹುಳವೆಲ್ಲ ಒಟ್ಟಿಗೆ, ಅಂದೇ ಬೆಳಿಗ್ಗೆ ಹಣ್ಣಾಗಿದ್ದವು. ಸುಮ್ಮನೆ ಇದ್ದಿದ್ದರೆ ಇನ್ನೂ ಎರಡು ದಿನ ತಡೆಯುತ್ತಿದ್ದವು, ಇವಳು ಹೋಗಿಬಿಡುತ್ತಿದ್ದಳೇನೋ. ಅಪ್ಪ ಪಕ್ಕದೂರಿಗೆ ಬಾಡಿಗೆ ಚಂದ್ರಿಕೆ ತರಲು ಗಾಡಿ ಹೂಡಿಕೊಂಡು ಹೋಗಿದ್ದ. ತಾಯಿ ಮಗಳು ಇಬ್ಬರೇ. ಲತಾಮಣಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಹುಳ ಆಯುತ್ತಿದ್ದಳು, ಕಣ್ಣೀರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು, ಕೈ ಮಾತ್ರ ನಿಂತಿರಲಿಲ್ಲ. ನಾನೂ ಬ್ಯಾಗು ಮೂಲೆಗಿಟ್ಟು ಕೂತೆ.

ಮಾಯಮ್ಮ ತಲೆಯೆತ್ತದೆ ಕೇಳಿದಳು: "ರೈಲು ಹೊಂಟೋಯ್ತಾ ಕೆಂಪಿ?"

ನನ್ನ ಕೈಯಲ್ಲಿದ್ದ ಹುಳ ನೆಲಕ್ಕೆ ಬಿತ್ತು.

"ಮೊದ್ಲು ಆ ಹುಳ ಎತ್ತು. ನಿನ್ನ ಟ್ರಂಕಲ್ಲಿ ಸೀರೆ ನೋಡಿದ ನಿಮ್ಮವ್ವ ನಂಗೇಳ್ದೆ ಇರ್ತಾಳಾ? ಅಡ್ಗೆಮನೆ ಕ್ಯಾಲೆಂಡರ್ ಚುಕ್ಕಿ ನೋಡಿ ದಿನಾನೂ ತಿಳೀತು. ಹುಳದೋರ ಮನೇಲಿ ಹುಟ್ಟಿ, ಚಳಿಗಾಲದ ಹುಳಕ್ಕೆ ಬೇಸ್ಗೆ ಲೆಕ್ಕ ಹಾಕವ್ಳಲ್ಲ, ಪೆದ್ದಿ!"

ಲತಾಮಣಿ "ಅವ್ವಾ" ಎಂದವಳು ಹುಳ ಆಯುವುದನ್ನೇ ಬಿಟ್ಟಳು.

"ಹುಳ ಆಯ್ತಾ ಮಾತಾಡು" ಎಂದಳು ಮಾಯಮ್ಮ. "ಹದಿನೈದು ದಿನದಿಂದ ಹೊಟ್ಟೇಲಿ ಕೆಂಡ ಇಟ್ಕಂಡು ನೋಡ್ತಿವ್ನಿ. ಬ್ಯಾಡ ಅಂದ್ರೆ ನೀನು ನಿಲ್ಲಾಕಿಲ್ಲ, ಅದು ನಂಗೂ ಗೊತ್ತು. ಏನೂ ಹೇಳ್ದಲೇ ಇದ್ರೆ ನಿಲ್ತೀಯಾ ಅಂತ ನೋಡ್ದೆ. ನಿಂತ್ಕಂಡೆ. ಸಾಕು ಬುಡು."

ಒಂದು ಚಂದ್ರಿಕೆ ತುಂಬಿತು. ಅದನ್ನು ಗೋಡೆಗೆ ಒರಗಿಸಿ ಬಂದು ಮತ್ತೆ ಹೇಳಿದಳು: "ಮುಂದಿನ ಶುಕ್ರವಾರ ಗೂಡು ಹೋಯ್ತದೆ. ನಿಮ್ಮಪ್ಪ ಆರು ಗಂಟೆಗೇ ಹೊಂಟ್ಬುಡ್ತನೆ. ನಾನು ಮನಿಕಂಡಿರ್ತೀನಿ. ನಂಗೆ ಏನೂ ಗೊತ್ತಿಲ್ಲ."

ಮರುದಿನ ಫ್ಯಾಕ್ಟರಿಯಲ್ಲಿ ಮಧುವಿಗೆ ಹೇಳಿದಾಗ ಅವನು "ಹುಳಕ್ಕೋಸ್ಕರವಾ?" ಎಂದು ಮೂರು ಸಲ ಕೇಳಿದ. ಬೊಂಬೆಯವರ ಹುಡುಗನಿಗೆ ಹೇಗೆ ಅರ್ಥವಾಗಬೇಕು, ಬೊಂಬೆಯೇನು ಹಣ್ಣಾಗುತ್ತದೆಯೇ? ಮನೋಹರ್ ಮತ್ತೆ ಫೋನು ಮಾಡಿದ. ಮುಂದಿನ ಶುಕ್ರವಾರ ಹುಣ್ಣಿಮೆ, ಇನ್ನೂ ಒಳ್ಳೆಯದೇ ಎಂದರಂತೆ ಪೂಜಾರಪ್ಪ.

ಹಾಗೆ ನಾವು ಒಂದು ವಾರ ತಡವಾಗಿ, ಒಟ್ಟಿಗೆ ಒಂದೇ ಬಸ್ಸಿನಲ್ಲಿ ಹೋದೆವು. ರಾಮನಗರದಲ್ಲಿ ಮಧುವೂ ಸೇರಿ ರೈಲು ಹತ್ತಿದೆವು, ಮನೋಹರ್ ಮೊದಲೇ ಮೈಸೂರಿಗೆ ಹೋಗಿದ್ದ. ರೈಲು ಮದ್ದೂರು ದಾಟಿದ ಮೇಲೆ ಮಧು ನೀರು ತರಲು ಎದ್ದುಹೋದ. ಆಗ ಲತಾಮಣಿ ಬೆಳಿಗ್ಗೆ ನಡೆದದ್ದನ್ನು ನನಗೊಬ್ಬಳಿಗೇ ಹೇಳಿದಳು.

ಹೊರಡುವ ಮುಂಚೆ ಅವ್ವನ ಕಾಲಿಗೆ ಬೀಳೋಣವೆಂದು ಕೋಣೆಗೆ ಹೋದಳಂತೆ. ಮಾಯಮ್ಮ ಹೇಳಿದಂತೆಯೇ ಚಾಪೆಯ ಮೇಲೆ ಕಣ್ಣು ಮುಚ್ಚಿ ಮಲಗಿದ್ದಳು. ಮಲಗಿದವರ ಕಾಲಿಗೆ ನಮ್ಮಲ್ಲಿ ಯಾರೂ ಬೀಳುವುದಿಲ್ಲ, ಹಾಗೆ ಬೀಳುವುದು ಸತ್ತವರಿಗೆ ಮಾತ್ರ. ಇವಳು ಏನು ಮಾಡಬೇಕೋ ತೋಚದೆ ಕಾಲ ಬಳಿ ನಿಂತಳು. ಆಗ ಮಾಯಮ್ಮ ಎದ್ದು ಕೂತಳು. ಕಣ್ಣು ತೆರೆಯಲಿಲ್ಲ, ಒಂದು ಮಾತೂ ಆಡಲಿಲ್ಲ. ಎದ್ದು ಕೂತು, ಕಾಲು ಮುಂದಕ್ಕೆ ಚಾಚಿದಳು. ಮಗಳು ಬಿದ್ದೆದ್ದ ಮೇಲೆ ಹಾಗೆಯೇ ಹಿಂದಕ್ಕೆ ಒರಗಿ, ಕಂಬಳಿಯನ್ನು ಮುಖದ ತುಂಬ ಎಳೆದುಕೊಂಡಳು.

ಅದನ್ನು ಹೇಳಿ ಲತಾಮಣಿ ಕಿಟಕಿಯ ಕಂಬಿಗೆ ಹಣೆಯಿಟ್ಟು ಅತ್ತಳು. ನಾನೂ ಅತ್ತೆ. ನೀರು ತಂದ ಮಧು, ಇಬ್ಬರನ್ನೂ ನೋಡಿ ಬಾಟಲಿ ಕೈಯಲ್ಲಿ ಹಿಡಿದು ನಿಂತೇ ಇದ್ದ, ಪಾಪ.

ಗುಡಿಯಲ್ಲಿ ಪೂಜಾರಪ್ಪ "ಹುಡುಗಿ ಕಡೆಯವರು ಯಾರಮ್ಮ?" ಎಂದಾಗ ನಾನು ಮುಂದೆ ಬಂದೆ. ಅಷ್ಟು ದೊಡ್ಡ ಸ್ಥಾನ ನನಗೆ ಮತ್ತೆ ಯಾವ ಮದುವೆಯಲ್ಲೂ ಸಿಗಲಿಲ್ಲ. ತಾಳಿ ಕಟ್ಟಿಸಿಕೊಂಡವಳು ಅರಮನೆಯ ಮುಂದೆ ಬಹಳ ಹೊತ್ತು ನಿಂತು ನೋಡಿ, "ಏಳನೇ ಕ್ಲಾಸಲ್ಲಿ ನೋಡಿದ್ರೆ ಇನ್ನೂ ದೊಡ್ಡದಾಗಿ ಕಾಣ್ತಿತ್ತೇನೋ ಕಣೆ" ಎಂದಳು. ನಾನು ಅಂದು ವರ್ಣಿಸಿದ್ದು ಒಸಿ ಜಾಸ್ತಿಯಾಗಿತ್ತು ಎಂದು ಒಪ್ಪಿಕೊಂಡೆ.

ದೊಡ್ಡಹನುಮಯ್ಯ ಒಂದೂವರೆ ವರ್ಷ ಮಗಳ ಹೆಸರೆತ್ತಲಿಲ್ಲ. ನಮ್ಮ ಮನೆಯ ಕಡೆಗೆ ಮುಖ ಮಾಡಿ ಉಗಿಯುತ್ತಿದ್ದ, ಅದು ನನ್ನ ಪಾಲು. ಆಮೇಲೊಂದು ಬೆಳೆಯ ಸಮಯದಲ್ಲಿ ಮಾಯಮ್ಮ ಜಾರಿ ಬಿದ್ದು ಮುಂಗೈ ಮುರಿಯಿತು. ಕೆಲವು ದಿನಕ್ಕೆ, ಒಂದು ಬೆಳಿಗ್ಗೆ, ಅವನು ಚನ್ನಪಟ್ಟಣದಲ್ಲಿ ಮಗಳು ಅಳಿಯನ ಬಾಡಿಗೆ ಮನೆಯ ಮುಂದೆ ಹೋಗಿ ನಿಂತ. ಒಳಗೆ ಕಾಲಿಡಲಿಲ್ಲ. ನೀರೂ ಮುಟ್ಟಲಿಲ್ಲ.

"ಹುಳ ಹಣ್ಣಾಗವೆ. ಇಬ್ರೂ ಬನ್ನಿ" ಎಂದ.

ಅದರಲ್ಲಿ 'ಇಬ್ರೂ' ಎಂದದ್ದನ್ನು ಲತಾಮಣಿ ನನಗೆ ಎಷ್ಟು ಸಲ ಹೇಳಿದ್ದಾಳೋ ಲೆಕ್ಕವಿಲ್ಲ. ಮಧು ಮೊದಲ ಹುಳ ಮುಟ್ಟಿದಾಗ ಕೈ ಕೊಡವಿಕೊಂಡು ಎರಡು ಹೆಜ್ಜೆ ಹಿಂದಕ್ಕೆ ಹಾರಿದ. ಮಾವ ಮೊದಲ ಸಲ ಅಳಿಯನ ಮುಖ ನೋಡಿ ನಕ್ಕದ್ದು ಆಗಲೇ.

ಈಗ ಆ ಸೊಪ್ಪಿನ ತೋಟದಲ್ಲಿ ಸೈಟುಗಳ ಕಲ್ಲು ನೆಟ್ಟಿದ್ದಾರೆ. ಹುಳದ ಮನೆಯನ್ನು ಮೂರು ಭಾಗ ಮಾಡಿ ಬಿಡದಿಯ ಫ್ಯಾಕ್ಟರಿ ಹುಡುಗರಿಗೆ ಬಾಡಿಗೆಗೆ ಕೊಟ್ಟಿದ್ದಾರೆ. ನಮ್ಮ ಫ್ಯಾಕ್ಟರಿಯೇ ಎಲ್ಲಿಗೋ ಎದ್ದುಹೋಯಿತು. ಆ ಮನೆಯ ಮುಂದೆ ಹಾದರೆ ನನ್ನ ಮೂಗಿಗೆ ಮಾತ್ರ ಇನ್ನೂ ಸೊಪ್ಪಿನ ವಾಸನೆ ಬಡಿಯುತ್ತದೆ. ಲತಾಮಣಿ ಚನ್ನಪಟ್ಟಣದಲ್ಲಿ ಟೈಲರಿಂಗ್ ಅಂಗಡಿ ಇಟ್ಟಿದ್ದಾಳೆ. ಮಗಳು ಧನುಶ್ರೀ ಅಜ್ಜಿಯ ಮೂಗು, ಅಜ್ಜಿಯ ಬಾಯಿ ಎರಡನ್ನೂ ತಂದಿದ್ದಾಳೆ.

ಮಾಯಮ್ಮ ಹೋಗಿ ಎರಡು ವರ್ಷವಾಯಿತು. ಅವಳನ್ನು ಆ ಹಳೆಯ ಹುಳದ ಮನೆಯ ಮುಂದೆಯೇ ಚಾಪೆ ಹಾಸಿ ಮಲಗಿಸಿದ್ದರು. ಲತಾಮಣಿ ಚನ್ನಪಟ್ಟಣದಿಂದ ಬಂದು, ಜನರನ್ನು ಸರಿಸಿಕೊಂಡು ಅವ್ವನ ಕಾಲ ಬಳಿ ನಿಂತಳು. "ಬೀಳವ್ವ, ಕಾಲ್ಗೆ ಬೀಳು, ಹೊತ್ತಾಯ್ತದೆ" ಎಂದು ಯಾರೋ ಹಿರಿಯರು ಅವಸರ ಮಾಡಿದರು. ಅವಳು ಬೀಳಲಿಲ್ಲ. ಅಳಲೂ ಇಲ್ಲ. ಅವ್ವನ ಮುಚ್ಚಿದ ಕಣ್ಣುಗಳನ್ನೇ ನೋಡುತ್ತ ನಿಂತಿದ್ದಳು. ಇವಳಿಗೇನಾಯಿತೋ ಎಂದು ಜನ ಪಿಸುಗುಟ್ಟಿದರು.

ಅವಳು ಯಾತಕ್ಕೆ ಕಾಯುತ್ತಿದ್ದಾಳೆಂದು ಅಷ್ಟು ಜನರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಹತ್ತಿರ ಹೋಗಿ, "ಈ ಸಲ ಎದ್ದು ಕೂರಾಕಿಲ್ಲ ಕಣೆ" ಎಂದು ಅವಳ ಕಿವಿಯಲ್ಲಿ ಹೇಳಿದೆ. ಭುಜ ಹಿಡಿದು ಬಗ್ಗಿಸಿದೆ. ಆಮೇಲೆ ಬಿದ್ದಳು.