ಮನೆಗೊಂದು ಮಂಕರಿ ಮಣ್ಣು

ಕೆಂಗೇರಿಯ ಹೊರವಲಯದಲ್ಲಿರುವ ನಮ್ಮ ಬಡಾವಣೆಯಿಂದ ಮಾರಮ್ಮನ ಗುಡಿಗೆ ಹೋಗಲು ಒಂದು ಮಣ್ಣಿನ ರಸ್ತೆಯಿದೆ. ಎರಡೂ ಕಡೆ ಹೊಂಗೆ ಮರಗಳು, ಪಕ್ಕದಲ್ಲೇ ಕೆರೆ ಏರಿ. ಬೇಸಿಗೆಯಲ್ಲಿ ಹೊಂಗೆ ಹೂ ಉದುರಿ ನೆಲವೇ ಕಾಣುವುದಿಲ್ಲ. ನಾನು ರಾಜಾಜಿನಗರದಲ್ಲಿ ಹುಟ್ಟಿ ಬೆಳೆದವಳು. ಮದುವೆಯಾಗಿ ಬಂದ ಹೊಸದರಲ್ಲಿ, ಪಾಪ, ಇವರಿಗಿನ್ನೂ ಟಾರು ಬಂದಿಲ್ಲವಲ್ಲ ಅಂದುಕೊಂಡಿದ್ದೆ.

ನಮ್ಮತ್ತೆ ಇದು ಹಳ್ಳಿಯಾಗಿದ್ದಾಗಿನಿಂದ ಇಲ್ಲೇ ಇರುವವರು. ಮಾತು ಒರಟು, ಕೈ ಧಾರಾಳ. ಮಾರಮ್ಮನ ಹಬ್ಬ ಹತ್ತಿರ ಬಂತೆಂದರೆ ಹಳೇ ಮನೆಗಳವರೆಲ್ಲ ಮನೆಗೊಂದು ಮಂಕರಿ ಕೆಮ್ಮಣ್ಣು ತಂದು, ರಸ್ತೆಯ ಗುಂಡಿಗೆ ಸುರಿದು, ನೀರು ಚಿಮುಕಿಸಿ ಗಟ್ಟಿ ಮಾಡುತ್ತಾರೆ. ಹಬ್ಬದ ಮಧ್ಯಾಹ್ನ ಹೆಂಗಸರು ತಂಬಿಟ್ಟಿನ ಆರತಿಯನ್ನು ತಲೆಯ ಮೇಲೆ ಹೊತ್ತು ಬರಿಗಾಲಲ್ಲಿ ಆ ದಾರಿಯಲ್ಲೇ ಹೋಗಬೇಕು. ಮೊದಲ ವರ್ಷ ಅತ್ತೆ ನನ್ನ ಕೈಗೆ ಮಂಕರಿ ಕೊಟ್ಟಾಗ ತಮಾಷೆಗೆ ಕೇಳಿದೆ.

“ಇದು ಸರ್ಕಾರದವ್ರ ಕೆಲ್ಸ ಅಲ್ವಾ ಅತ್ತೆ?”

“ನಡಿಯೋ ಕಾಲು ಯಾರ್ದೇ? ಬಾ ಸುಮ್ನೆ.”

ಕಳೆದ ಬೇಸಿಗೆಯಲ್ಲಿ ಈ ರಸ್ತೆಗೆ ಕಾಂಕ್ರೀಟು ಹಾಕುವ ಸುದ್ದಿ ಬಂತು. ಅಗಲ ಮಾಡಲು ಮರಗಳನ್ನೂ ಕಡಿಯುತ್ತಾರಂತೆ. ಗುಡಿಯ ಮುಂದಿನ ತುಂಡು ರಸ್ತೆಗೆ ಮೊದಲೇ ಹಾಕಿಯಾಗಿತ್ತು. ಕಾರಿಗೆ ಧೂಳು ಮೆತ್ತುವುದಿಲ್ಲವೆಂದು ಬಡಾವಣೆಯವರಿಗೆ ಖುಷಿಯೋ ಖುಷಿ. ಎಲ್ಲರಿಗಿಂತ ಹೆಚ್ಚು ಕುಣಿದವರು ನನ್ನ ಗಂಡ. ಅತ್ತೆ ಮಗನ ಜೊತೆ ಮಾತು ಬಿಟ್ಟರು. ಊಟ ಮಾತ್ರ ಬಡಿಸುತ್ತಿದ್ದರು.

ಎಂಜಿನಿಯರು ರಸ್ತೆ ಅಳೆಯಲು ಬಂದದ್ದು ಹಬ್ಬದ ದಿನವೇ. ಅವತ್ತು ಆ ದಾರಿಯಲ್ಲಿ ಯಾರೂ ಚಪ್ಪಲಿ ಮೆಟ್ಟುವಂತಿಲ್ಲ.

“ಶೂ ಬಿಚ್ಬಿಡಿ ಸಾರ್,” ಅಂದರು ಅತ್ತೆ. “ಬರಿಗಾಲಲ್ಲೂ ಅಳೀಬೋದು.”

ಒಳ್ಳೆಯ ಮನುಷ್ಯ. ಶೂಗಳನ್ನು ಮರದ ಬುಡದಲ್ಲಿಟ್ಟು ನಮ್ಮ ಜೊತೆಯೇ ನಡೆದರು. “ಎಷ್ಟು ತಂಪಾಗಿದೆ” ಎಂದು ಒಮ್ಮೆ ತಮ್ಮಷ್ಟಕ್ಕೇ ಹೇಳಿಕೊಂಡರು. ಗುಡಿಯ ಮುಂದಿನ ಕಾಂಕ್ರೀಟಿಗೆ ಕಾಲಿಟ್ಟದ್ದೇ ತಡ, ಕಾದ ಬಾಣಲೆಯ ಜೋಳದ ಹಾಗೆ ಹಾರತೊಡಗಿದರು. ನಾವು ಹೆಂಗಸರು ಅಲ್ಲೇ ಸಾಲಾಗಿ ನಿಂತು ಮಂಗಳಾರತಿಗೆ ಕಾಯಬೇಕಿತ್ತು. ಅತ್ತೆ ಅಲ್ಲಾಡದೆ ನಿಂತಿದ್ದರು, ತಲೆಯ ಮೇಲಿನ ದೀಪವೂ ಅಲ್ಲಾಡಲಿಲ್ಲ. ಆ ಹೆಂಗಸಿನ ಗಟ್ಟಿತನ ನನಗೆ ಈ ಜನ್ಮದಲ್ಲಿ ಬರುವುದಿಲ್ಲ.

“ನಿಮಗೆ ಸುಡಲ್ವೇನಮ್ಮಾ?” ಎಂಜಿನಿಯರು ನೆರಳಿಗೆ ಓಡಿ ನಿಂತು ಕೇಳಿದರು.

“ಸುಡುತ್ತೆ ಸಾರ್. ಆರತಿ ಹೊತ್ಕೊಂಡು ಕುಣಿಯಕ್ಕಾಗುತ್ತಾ? ಇನ್ಮೇಲೆ ಇಡೀ ದಾರಿ ಹಿಂಗೇನಾ?”

ಅವರು ತಲೆಯೆತ್ತಿ ಹೊಂಗೆ ಮರಗಳ ಸಾಲನ್ನು ನೋಡಿದರು. ಪಕ್ಕದಲ್ಲಿದ್ದ ನನ್ನ ಗಂಡ ಅಮ್ಮನ ಬರಿಗಾಲನ್ನೇ ನೋಡುತ್ತಿದ್ದರು.

ಅಂದು ಸಂಜೆ ಅತ್ತೆಯ ಅಂಗಾಲಿನಲ್ಲಿ ಬೊಬ್ಬೆ ಎದ್ದಿತ್ತು. ಗಂಡ ಕೊಬ್ಬರಿ ಎಣ್ಣೆ ತಂದು ಹಚ್ಚಿದರು. ಆಗಲೂ ಅತ್ತೆ ಮಾತಾಡಲಿಲ್ಲ. ಮುಂದಿನ ವಾರ ಬಡಾವಣೆಯ ಸಭೆಯಲ್ಲಿ ಎದ್ದು ನಿಂತು, ಕಾರುಗಳು ಬಳಸು ದಾರಿಯಲ್ಲಿ ಹೋಗಲಿ, ಇದನ್ನು ಹೀಗೇ ಬಿಡೋಣ ಎಂದವರು ನನ್ನ ಗಂಡನೇ. ಒಂದಷ್ಟು ಜಗಳವಾಯಿತು. ಎಂಜಿನಿಯರೂ ಅದೇ ಸರಿ ಎಂದದ್ದರಿಂದ ಸದ್ಯಕ್ಕೆ ಮಣ್ಣೂ ಮರಗಳೂ ಉಳಿದಿವೆ. ಮನೆಗೆ ಬಂದು ವಿಷಯ ತಿಳಿಸಿದಾಗ ಅತ್ತೆ “ಹೂಂ” ಎಂದರು, ಅಷ್ಟೇ.

ಈ ವರ್ಷ ಹಬ್ಬದ ಮುಂಚೆ ನನ್ನ ಗಂಡ ಪ್ಯಾಂಟು ಮಡಚಿಕೊಂಡು, ಹೆಗಲ ಮೇಲೆ ಮಂಕರಿ ಹೊತ್ತು ಬಂದರು. ಅರ್ಧ ಮಣ್ಣು ಅಂಗಿಯ ಮೇಲೇ ಇತ್ತು. ಅತ್ತೆ ಮಗನನ್ನು ಕೆಳಗಿನಿಂದ ಮೇಲಕ್ಕೆ ನೋಡಿದರು. ಸೆರಗಿನಿಂದ ಅವರ ಮುಖದ ಧೂಳು ಒರೆಸಿ, “ದೊಡ್ಡ ಗುಂಡಿ ಆ ಕಡೆ ಇದೆ ಕಣೋ, ಅಲ್ಲಿಗ್ ಹಾಕು” ಅಂದರು.