ಮೊಳೆಯಲ್ಲಿ ಉಳಿದ ಬಿಲ್ಲೆ

ಇದನ್ನು ಬರೆಯೋಣವೆಂದು ಕೂತಾಗಲೆಲ್ಲ ನನಗೆ ಬೇರೆ ಏನೋ ಕೆಲಸ ನೆನಪಾಗುತ್ತಿತ್ತು. ನಲ್ಲಿಯ ವಾಷರ್ ಬದಲಿಸಬೇಕು, ಮಾತ್ರೆ ತರಬೇಕು, ಕರಿಬೇವಿನ ಗಿಡಕ್ಕೆ ಹುಳಿ ಮಜ್ಜಿಗೆ ಹಾಕಬೇಕು. ಈಗ ಕರಿಬೇವು ಸೂರು ಮುಟ್ಟಿದೆ, ನಲ್ಲಿಯೂ ಸೋರುತ್ತಿಲ್ಲ. ನೆಪಗಳು ಮುಗಿದಿವೆ. ಸ್ಟೆಲ್ಲಾ ಟೀಚರ ಬಗ್ಗೆ ಮಾತು ತೆಗೆದರೆ ನನಗೆ ಮೊದಲು ನಗು ಬರುತ್ತದೆ. ಆಮೇಲೆ ನಾನು ಮಾಡಿದ ಒಂದು ತಪ್ಪಿನ ಹತ್ತಿರ ಬಂದು ನಿಲ್ಲಬೇಕಾಗುತ್ತದೆ. ಇಷ್ಟು ದಿನ ತಳ್ಳಿಕೊಂಡು ಬಂದದ್ದು ಅದಕ್ಕೇ.

ಟೀಚರು ಯಾವ ಪಾಠ ಮುಗಿಸಿದರೂ ಒಂದೇ ಪ್ರಶ್ನೆಯನ್ನು ಮೂರು ಭಾಷೆಯಲ್ಲಿ, ನಡುವೆ ಉಸಿರು ಬಿಡದೆ ಕೇಳುತ್ತಿದ್ದರು. "ಅರ್ಥ ಆಯ್ತಾ, ಪುರಿಂಜುದಾ, ಅರ್ಥಮಯಿಂದಾ?" ಕನ್ನಡದವರು, ತಮಿಳಿನವರು, ತೆಲುಗಿನವರು ಯಾರೂ ತಪ್ಪಿಸಿಕೊಳ್ಳುವಂತಿರಲಿಲ್ಲ. ಬಂಗಾರಪೇಟೆ ಸ್ಟೇಷನ್ನಿನ ಹೊರಗಿನ ಒಂದು ಟಿಫಿನ್ ಹೋಟೆಲಿನ ಮಹಡಿಯ ಮೇಲೆ ಅವರ ತರಗತಿ. ಅಲ್ಲಿ ಅವರು ಕಂಪ್ಯೂಟರ್ ನೆಟ್‌ವರ್ಕಿಂಗ್ ಕಲಿಸುತ್ತಿದ್ದರು. ಒಂದು ಕಂಪ್ಯೂಟರಿನ ಮಾತು ಇನ್ನೊಂದಕ್ಕೆ ಯಾವ ದಾರಿಯಲ್ಲಿ ಹೋಗುತ್ತದೆ, ದಾರಿಯಲ್ಲಿ ಯಾವ ಪೆಟ್ಟಿಗೆ ಅದನ್ನು ತಿರುಗಿಸುತ್ತದೆ ಎಂಬ ವಿದ್ಯೆ ಅದು. ಕಲಿತವರು ಬೆಂಗಳೂರಿಗೆ ಹೋಗಿ ಪರೀಕ್ಷೆ ಬರೆಯಬೇಕು. ಪಾಸಾದರೆ ಸರ್ಟಿಫಿಕೇಟು, ಸರ್ಟಿಫಿಕೇಟು ಇದ್ದರೆ ಕೆಲಸ.

ನಾನು ತಿಪಟೂರು ಕಡೆಯವನು. ಎಸ್ಸೆಸ್ಸೆಲ್ಸಿ ಮುಗಿಸಿ ಕೆಜಿಎಫ್‌ನ ಒಂದು ಕಾರ್ಖಾನೆಯ ಟೆಲಿಫೋನ್ ಎಕ್ಸ್‌ಚೇಂಜಿಗೆ ಸೇರಿದವನು ಅಲ್ಲೇ ನಿವೃತ್ತನಾದೆ. ಮನೆಯಲ್ಲಿ ಕೂತು ಕೂತು ಬೇಸರವಾಗಿ ಒಂದು ದಿನ ಟೀಚರ ಮಹಡಿ ಹತ್ತಿದೆ. ನಮ್ಮ ಮನೆಯವಳು, "ಮೊಮ್ಮಕ್ಕಳ ಬ್ಯಾಗ್ ಹೊರೋ ವಯಸ್ಸಲ್ಲಿ ನಿಮ್ಮ ಬ್ಯಾಗೇ ಹೊತ್ಕೊಂಡು ಹೊರಟ್ರಾ" ಎಂದು ಡಬ್ಬಿ ಕಟ್ಟಿಕೊಟ್ಟಳು.

ಟೀಚರು ಕೆಜಿಎಫ್ ಚಿನ್ನದ ಗಣಿಯ ಚಾಂಪಿಯನ್ ರೀಫ್ಸಿನ ಲೈನ್ ಮನೆಯಲ್ಲಿ ಹುಟ್ಟಿ ಬೆಳೆದವರು. ಅವರ ಅಪ್ಪ ಗಣಿಯೊಳಗೆ ದುಡಿದವರು. ಹೀಗಾಗಿ ಆ ಕೋಣೆಯಲ್ಲಿ ಪುಸ್ತಕದ ಮಾತು ಕಡಿಮೆ, ಊರಿನ ಮಾತು ಹೆಚ್ಚು. ಕಂಪ್ಯೂಟರುಗಳ ವಿಳಾಸದ ಪಾಠವೆಂದರೆ ಬೋರ್ಡಿನ ಮೇಲೆ ಗಣಿ ಕಾರ್ಮಿಕರ ಮನೆಗಳ ಒಂದು ಸಾಲು ಬರೆಯುತ್ತಿದ್ದರು. "ಮುಂದಿನ ನಂಬರು ಲೈನಿಂದು, ಹಿಂದಿನ ನಂಬರು ಮನೇದು. ಮೊದಲನೇ ಮನೇಲಿ ಯಾರೂ ಇರಂಗಿಲ್ಲ, ಅದು ಲೈನಿನ ಬೋರ್ಡು. ಕೊನೇ ಮನೇಲೂ ಯಾರೂ ಇರಂಗಿಲ್ಲ, ಅಲ್ಲಿ ನಿಂತು ಕೂಗಿದ್ರೆ ಇಡೀ ಲೈನಿಗೇ ಕೇಳುತ್ತೆ."

"ನಮ್ಮ ಲೈನಲ್ಲಿ ಕೊನೇ ಮನೆ ನಮ್ಮತ್ತೇದು ಟೀಚರ್" ಎಂದ ಊರಿಗಾಂನ ಒಬ್ಬ.

"ಕೂಗ್ತಾರಾ?"

"ದಿನಾ."

"ಹಂಗಾದ್ರೆ ಸರಿಯಾಗೇ ಕೊಟ್ಟಿದಾರೆ ಬಿಡು."

ಗೇಟ್‌ವೇ ಎಂಬ ಪಾಠಕ್ಕೆ ಎಲ್ಲರನ್ನೂ ಸ್ಟೇಷನ್ನಿಗೆ ಕರೆದುಕೊಂಡು ಹೋದರು. ಕೆಜಿಎಫ್ ರೈಲು ಮಾರಿಕುಪ್ಪಂನಲ್ಲಿ ಕೊನೆಯಾಗುತ್ತದೆ. ಅಲ್ಲಿಂದ ರೈಲಿನಲ್ಲಿ ಎಲ್ಲಿಗೆ ಹೋಗಬೇಕಾದರೂ ಬಂಗಾರಪೇಟೆಗೆ ಬರಲೇಬೇಕು. ಪ್ಲಾಟ್‌ಫಾರಂ ಮೇಲೆ ನಿಂತು ನನ್ನನ್ನು ಕೇಳಿದರು. "ತಾತಾ, ಮಾರಿಕುಪ್ಪಂನಿಂದ ಡೆಲ್ಲಿಗೆ ಹೋಗೋ ದಾರಿ ಗೊತ್ತಾ?"

"ಗೊತ್ತಿಲ್ಲ."

"ಗೊತ್ತಾಗೋದೂ ಬೇಡ. ಬಂಗಾರಪೇಟೆಗೆ ಬರೋದು ಗೊತ್ತಲ್ಲ, ಅಷ್ಟು ಸಾಕು. ಮುಂದಿನದು ಬಂಗಾರಪೇಟೆಗೆ ಗೊತ್ತು. ಗೇಟ್‌ವೇ ಅಂದ್ರೆ ಇಷ್ಟೇ." ಬೋಂಡಾ ಮಾರುತ್ತಿದ್ದವನು ಬುಟ್ಟಿ ಇಳಿಸಿ ಪಾಠ ಪೂರ್ತಿ ಕೇಳಿ, ತನಗೆ ಅರ್ಥವಾಯಿತೆಂದು ತೆಲುಗಿನಲ್ಲಿ ಹೇಳಿದ.

ಅವರ ಹತ್ತಿರವಿದ್ದ ರೂಟರುಗಳು, ಅಂದರೆ ಆ ತಿರುಗಿಸುವ ಪೆಟ್ಟಿಗೆಗಳು, ಬೆಂಗಳೂರಿನ ಗುಜರಿಯಿಂದ ತಂದವು. ಎಲ್ಲವನ್ನೂ ಒಟ್ಟಿಗೆ ಹಾಕಿದರೆ ಫ್ಯಾನುಗಳ ಸದ್ದಿಗೆ ಕಿಟಕಿ ನಡುಗುತ್ತಿತ್ತು. ಕೆಳಗಿನಿಂದ ಹೋಟೆಲಿನವರು ಕೂಗುತ್ತಿದ್ದರು, "ಟೀಚರಮ್ಮಾ, ಇಮಾನ ಇಳಿಸ್ತಿದೀರೋ ಆರಿಸ್ತಿದೀರೋ?" "ಚಟ್ನಿ ಕಳ್ಸಿ, ಇಳಿಸ್ತೀನಿ" ಎಂದು ಟೀಚರು ಮೇಲಿನಿಂದ ಕೂಗುತ್ತಿದ್ದರು. ಪ್ರತಿ ಪೆಟ್ಟಿಗೆಗೂ ಒಂದೊಂದು ಊರಿನ ಹೆಸರಿಟ್ಟಿದ್ದರು. ವಿದ್ಯಾರ್ಥಿಗಳನ್ನೂ ಊರಿನ ಹೆಸರಿನಿಂದಲೇ ಕರೆಯುತ್ತಿದ್ದರು. ಏ ಊರಿಗಾಂ, ಏ ನಂದಿದುರ್ಗ, ಏ ಕಾಮಸಮುದ್ರ. ನಾನೊಬ್ಬ ಮಾತ್ರ ತಾತ.

ಆ ಕೋಣೆಯ ನಿಜವಾದ ಕಾನೂನು ಇದ್ದದ್ದು ಬಾಗಿಲ ಪಕ್ಕದ ಹಲಗೆಯಲ್ಲಿ. ಗಣಿಗೆ ಇಳಿಯುವ ಪ್ರತಿಯೊಬ್ಬನಿಗೂ ಒಂದು ಬಿಲ್ಲೆ ಇರುತ್ತಿತ್ತಂತೆ. ಇಳಿಯುವಾಗ ಅದನ್ನು ಮೇಲೆ ಬಿಟ್ಟು ಹೋಗಬೇಕು, ಹತ್ತಿ ಬಂದ ಮೇಲೆ ತೆಗೆದುಕೊಳ್ಳಬೇಕು. ಯಾವುದಾದರೂ ಬಿಲ್ಲೆ ಉಳಿದಿದ್ದರೆ ಒಬ್ಬ ಇನ್ನೂ ಒಳಗಿದ್ದಾನೆಂದು ಲೆಕ್ಕ. ಟೀಚರು ಹಲಗೆಗೆ ಮೊಳೆ ಹೊಡೆದು, ಸೋಡಾ ಬಾಟಲಿಯ ಮುಚ್ಚಳಗಳನ್ನು ಜಜ್ಜಿ ಚಪ್ಪಟೆ ಮಾಡಿ, ನಮ್ಮ ನಮ್ಮ ಹೆಸರನ್ನು ನಾವೇ ಗೀಚಿಕೊಳ್ಳಲು ಕೊಟ್ಟಿದ್ದರು. ಬರುವಾಗ ಬಿಲ್ಲೆಯನ್ನು ಮೊಳೆಗೆ ಹಾಕಬೇಕು. ಪಾಠ ಅರ್ಥವಾದರೆ ತೆಗೆದುಕೊಂಡು ಹೋಗಬೇಕು. ಆಗದಿದ್ದರೆ ಅಲ್ಲೇ ಬಿಟ್ಟು ಹೋಗಬೇಕು. ಮರುದಿನ ಟೀಚರು ಮೊಳೆಯಲ್ಲಿ ಉಳಿದವರಿಂದಲೇ ಪಾಠ ಶುರು ಮಾಡುತ್ತಿದ್ದರು. "ಒಳಗಿರೋರನ್ನ ಮೇಲಕ್ಕೆ ತರದೆ ಹೊಸಬ್ರನ್ನ ಇಳಿಸಬಾರದು, ನಮ್ಮಪ್ಪ ಹೇಳ್ತಿದ್ರು" ಎನ್ನುತ್ತಿದ್ದರು.

ಕಾಮಸಮುದ್ರದ ಹುಡುಗಿಯ ಬಿಲ್ಲೆ ಹೆಚ್ಚುಕಡಿಮೆ ದಿನವೂ ಮೊಳೆಯಲ್ಲೇ ಇರುತ್ತಿತ್ತು. ಅವಳ ಅಪ್ಪ ಕುರಿ ಮೇಯಿಸುವವರು. ಅವಳು ನನ್ನ ಪಕ್ಕದಲ್ಲೇ ಕೂರುತ್ತಿದ್ದಳು. ಅರ್ಥವಾಗಲಿಲ್ಲ ಎನ್ನಲು ಅವಳಿಗೆ ನಾಚಿಕೆಯೇ ಇರಲಿಲ್ಲ. "ಟೀಚರ್, ಇದು ನನ್ ತಲೆಗೆ ಓಗ್ಲಿಲ್ಲ. ಇನ್ನೊಂದ್ಸಲ ಏಳಿ" ಎಂದು ಕೈ ಎತ್ತುತ್ತಿದ್ದಳು. ನನ್ನ ಬಿಲ್ಲೆ ಮಾತ್ರ ಒಂದು ದಿನವೂ ಉಳಿಯಲಿಲ್ಲ. ಎಲ್ಲ ಅರ್ಥವಾಗುತ್ತಿತ್ತೆಂದಲ್ಲ. ತಂತಿಯ ಕೆಲಸ ನನ್ನ ಕೈಗೆ ಗೊತ್ತಿತ್ತು. ಕೇಬಲ್ಲಿನ ಬಣ್ಣದ ಎಳೆಗಳನ್ನು ಸರಿಯಾದ ಸಾಲಿನಲ್ಲಿ ಜೋಡಿಸಿ ತುದಿ ಒತ್ತುವುದನ್ನು ಇಡೀ ತರಗತಿಗೆ ನಾನೇ ಕಲಿಸಿದೆ. ಆದರೆ ವಿಳಾಸದ ಪಾಠದ ಆ ಲೈನನ್ನು ಗೋಡೆ ಎಬ್ಬಿಸಿ ಎರಡು ಮಾಡು, ನಾಲ್ಕು ಮಾಡು, ಎಂಟು ಮಾಡು ಎಂದಾಗ ಯಾವ ಮನೆ ಯಾವ ಲೈನಿಗೆ ಹೋಯಿತೆಂದು ನನಗೆ ತಿಳಿಯುತ್ತಿರಲಿಲ್ಲ. ಹಿರಿಯನೆಂದು ಎಲ್ಲರೂ ಗೌರವ ಕೊಡುತ್ತಿದ್ದರು. ಎಲ್ಲರ ಎದುರು ಬಿಲ್ಲೆ ಬಿಟ್ಟು ಇಳಿಯಲು ನನ್ನ ಮನಸ್ಸು ಒಪ್ಪಲಿಲ್ಲ. ದಿನಾ ಅದನ್ನು ಜೇಬಿಗೆ ಹಾಕಿಕೊಂಡು ಮೆಟ್ಟಿಲಿಳಿದೆ.

ಪರೀಕ್ಷೆ ಹತ್ತಿರ ಬಂದಾಗ ಹೆದರಿದೆ. ಹಳೆಯ ಸಹೋದ್ಯೋಗಿಯ ಮಗ ನನ್ನ ಫೋನಿಗೆ ಡಂಪ್ ಕಳಿಸಿದ. ಪರೀಕ್ಷೆ ಬರೆದು ಬಂದವರು ಕದ್ದು ಕೂಡಿಸಿದ ಪ್ರಶ್ನೆ ಉತ್ತರಗಳ ಗಂಟಿಗೆ ಆ ಹೆಸರು. ಟೀಚರಿಗೆ ಆ ಶಬ್ದ ಕೇಳಿದರೇ ಆಗುತ್ತಿರಲಿಲ್ಲ. "ಅದ್ರಲ್ಲಿ ಪಾಸಾದೋನು ದೀಪ ಇಲ್ದೆ ಗಣಿಗೆ ಇಳಿದಂಗೆ" ಎನ್ನುತ್ತಿದ್ದರು. ನಾನು ಮಾರಿಕುಪ್ಪಂ ರೈಲಿನಲ್ಲಿ ಹೋಗುತ್ತಾ ಬರುತ್ತಾ ಅದನ್ನು ಬಾಯಿಪಾಠ ಮಾಡಿದೆ. ಹೈಸ್ಕೂಲಿನಲ್ಲಿ ಹಳಗನ್ನಡ ಪದ್ಯ ಉರು ಹೊಡೆದಂತೆಯೇ, ಅರ್ಥದ ಗೊಡವೆ ಇಲ್ಲದೆ. ಎದುರಿನ ಸೀಟಿನ ಅಜ್ಜಿಯೊಬ್ಬರು ನಾನು ಸಹಸ್ರನಾಮ ಹೇಳುತ್ತಿದ್ದೇನೆಂದು ತಿಳಿದು ಕಾಲು ಮಡಚಿ ಕೂತರು.

ಬೆಂಗಳೂರಿಗೆ ನಮ್ಮಿಬ್ಬರನ್ನೂ, ನನ್ನನ್ನೂ ಕಾಮಸಮುದ್ರದ ಹುಡುಗಿಯನ್ನೂ, ಟೀಚರೇ ಕರೆದುಕೊಂಡು ಹೋದರು. ನಾನು ಪಾಸಾದೆ. ಅವಳು ಸ್ವಲ್ಪದರಲ್ಲಿ ಫೇಲಾದಳು. ವಾಪಸು ಬರುವ ರೈಲಿನಲ್ಲಿ ಟೀಚರು ಇಡೀ ಬೋಗಿಗೆ ಮೈಸೂರುಪಾಕು ಹಂಚಿ, "ನಮ್ ತಾತ, ನಮ್ ತಾತ" ಎಂದು ನನ್ನನ್ನು ತೋರಿಸಿದರು. ಇಸ್ಪೀಟು ಆಡುತ್ತಿದ್ದವರು ಎಲೆ ಕೆಳಗಿಟ್ಟು ಕೈ ಕುಲುಕಿದರು. ಸುಳ್ಳು ಹೇಳಲಾರೆ, ಆ ಹೊತ್ತಿಗೆ ನನಗೆ ಸಂತೋಷವೇ ಆಗಿತ್ತು.

ಮರುವಾರ ಕೋಣೆಗೆ ಹೋದರೆ ಗೋಡೆಯ ಮೇಲೆ ಕಟ್ಟು ಹಾಕಿಸಿದ ನನ್ನ ಫೋಟೋ. ಟೀಚರು ಹುಡುಗಿಗೆ, "ಏ ಕಾಮಸಮುದ್ರ, ತಾತನ್ನ ನೋಡಿ ಕಲಿ. ಅವರ ಬಿಲ್ಲೆ ಒಂದಿನ ಮೊಳೇಲಿ ಇತ್ತಾ?" ಎಂದರು. ಬೈಗುಳವಲ್ಲ, ಹುರಿದುಂಬಿಸುವ ಮಾತೇ. ಅವಳು ಅದನ್ನು ನಿಜವೆಂದೇ ತೆಗೆದುಕೊಂಡಳು. ಸಂಜೆ ಮೆಟ್ಟಿಲಲ್ಲಿ ನನ್ನನ್ನು ನಿಲ್ಲಿಸಿದಳು.

"ತಾತಾ, ಲೈನ್ ಕತ್ತರಿಸೋ ಲೆಕ್ಕ ನಂಗೆ ಏಳ್ಕೊಡ್ತೀರಾ? ಇನ್ನೊಂದ್ಸಲ ಬರೀತೀನಿ. ನಮ್ಮಪ್ಪ ಒಪ್ಪವ್ರೆ."

ನನಗೆ ಗೊತ್ತಿಲ್ಲವೆಂದು ಹೇಳಿದ್ದರೆ ಮುಗಿಯುತ್ತಿತ್ತು. ಅವಳು ನಗುತ್ತಿದ್ದಳು, ಇಬ್ಬರೂ ಸೇರಿ ಟೀಚರ ಹತ್ತಿರ ಹೋಗುತ್ತಿದ್ದೆವು. ನಾನು ಹೇಳಿದ್ದು ಬೇರೆ. "ನಿನಗೆ ಇದು ಆಗೋದಲ್ಲ ಕಣಮ್ಮ. ಸುಮ್ನೆ ಯಾಕೆ ಒದ್ದಾಡ್ತೀಯ, ಬೇರೆ ಏನಾದ್ರೂ ನೋಡ್ಕೋ."

"ನೀವೇ ಅಂದ್ಮೇಲೆ ಇನ್ನೇನ್ ತಾತಾ" ಎಂದು ಚಪ್ಪಲಿ ಮೆಟ್ಟಿ ಇಳಿದು ಹೋದಳು. ಮತ್ತೆ ಬರಲಿಲ್ಲ.

ಅವಳ ಬಿಲ್ಲೆ ಮೊಳೆಯಲ್ಲೇ ಉಳಿಯಿತು. ಟೀಚರು ಫೋನು ಮಾಡಿದರು, ಊರಿಗೂ ಹೋಗಿ ಬಂದರು. ಅವಳ ಮನೆಯವರು ಕುರಿಹಟ್ಟಿಯ ಬಾಗಿಲಲ್ಲಿ ಕೂಡಿಸಿ ಕಾಫಿ ಕೊಟ್ಟರಂತೆ. ಯಾಕೆ ಬಿಟ್ಟೆ ಎಂದರೆ ಅವಳು ಕುರಿಗಳಿಗೆ ನೀರಿಡಲು ಎದ್ದು ಹೋದಳಂತೆ. ಹೊಸ ತಂಡ ಬಂದಾಗ ಆ ಮೊಳೆ ಬೇಕೆಂದು ಒಬ್ಬ ಕೈ ಹಾಕಿದ. "ತೆಗೀಬೇಡಪ್ಪಾ, ಅವಳು ಇನ್ನೂ ಒಳಗಿದಾಳೆ" ಎಂದು ಟೀಚರು ಇನ್ನೊಂದು ಮೊಳೆ ಹೊಡೆದರು. ಸುತ್ತಿಗೆಯ ಸದ್ದಿಗೆ ಕೆಳಗಿನಿಂದ, "ಮೇಲೆ ಈಗ ಏನು, ಗಣಿ ತೋಡ್ತಿದೀರಾ?" ಎಂದು ಕೂಗು ಬಂತು. ಎಲ್ಲರೂ ನಕ್ಕರು. ನಾನೂ ನಕ್ಕಂತೆ ಮಾಡಿದೆ.

ಆ ದಿನ ನನ್ನ ಬಿಲ್ಲೆಯನ್ನು ಮೊದಲ ಸಲ ಮೊಳೆಯಲ್ಲೇ ಬಿಟ್ಟು ಇಳಿದೆ. ಮರುದಿನ ಟೀಚರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. "ಎನ್ನ ತಾತಾ, ಪಾಸಾದ್ಮೇಲೆ ಡೌಟಾ?"

"ಲೈನ್ ಕತ್ತರಿಸೋದು ಮೊದಲಿಂದ ಹೇಳ್ಕೊಡಿ ಟೀಚರ್."

ಹೇಳಿಕೊಟ್ಟರು. ಹೋಟೆಲಿನಿಂದ ಇಡ್ಲಿ ತರಿಸಿ, ತಟ್ಟೆಯ ಮೇಲೆ ಸಾಲಾಗಿ ಇಟ್ಟು, ಚಮಚೆಯಲ್ಲಿ ಗೋಡೆ ಎಳೆದು ತೋರಿಸಿದರು. ಒಂದು ಸಾಲು ಎರಡಾಯಿತು, ಎರಡು ನಾಲ್ಕಾಯಿತು. ಒಂದೊಂದು ಗೋಡೆ ಎದ್ದಾಗಲೂ ಇನ್ನೆರಡು ಮನೆ ಖಾಲಿ ಬಿಡಬೇಕೆಂಬುದು ಆವತ್ತು, ಸಾಂಬಾರಿನ ನಡುವೆ, ನನಗೆ ಕಂಡಿತು. ಅರವತ್ತು ದಾಟಿದ ಮೇಲೆ ಒಂದು ವಿಷಯ ತಲೆಗೆ ಹತ್ತಿದಾಗ ಆಗುವ ಸುಖ ದೊಡ್ಡದು. ಟೀಚರು ನನ್ನ ಮುಖ ನೋಡಿ, ಆ ಮೂರು ಪ್ರಶ್ನೆ ಕೇಳದೆಯೇ, ನೆಲೆ ತಪ್ಪಿದ ಇಡ್ಲಿಯೊಂದನ್ನು ಬಾಯಿಗೆ ಹಾಕಿಕೊಂಡರು.

ಕೆಲವು ವರ್ಷಗಳ ನಂತರ ಅವರಿಗೆ ಜೋಲಾರಪೇಟೆ ಕಡೆಯ ಒಂದು ಪಾಲಿಟೆಕ್ನಿಕ್ಕಿನಲ್ಲಿ ಕೆಲಸ ಸಿಕ್ಕಿತು. ಪೆಟ್ಟಿಗೆಗಳನ್ನು ಹೊತ್ತು ಅವರನ್ನು ರೈಲು ಹತ್ತಿಸಲು ಹೋದವನು ನಾನೇ. ರೈಲು ತಡವಾಗಿತ್ತು. ಪ್ಲಾಟ್‌ಫಾರಂ ಮೇಲೆ, ರೂಟರುಗಳ ಪೆಟ್ಟಿಗೆಯ ಮೇಲೆ ಕೂತಿದ್ದ ಅವರಿಗೆ ಹೇಳಿಬಿಟ್ಟೆ.

"ಟೀಚರ್, ನಾನು ಪಾಸಾಗಿದ್ದು ಡಂಪ್ ಓದಿ."

ಅವರು ಹೆಗಲು ಕುಲುಕಿ ನಗತೊಡಗಿದರು. "ಅಯ್ಯೋ ಕಡವುಳೇ. ನಿಮ್ ಫೋಟೋಗೆ ಕಟ್ಟು ಹಾಕಿಸಿದ್ನಲ್ಲ ತಾತಾ. ಹೊಸ ಮಕ್ಕಳೆಲ್ಲ ಅದಕ್ಕೆ ಕೈ ಮುಗಿದು ಪರೀಕ್ಷೆಗೆ ಹೋಗ್ತಿದ್ರು."

ಆ ನಗುವಿನ ಧೈರ್ಯದಲ್ಲಿ ಇನ್ನೊಂದನ್ನೂ ಹೇಳಿದೆ. ಮೆಟ್ಟಿಲಲ್ಲಿ ಆ ಹುಡುಗಿಗೆ ಏನೆಂದೆ, ಯಾಕೆಂದೆ ಎಂಬುದನ್ನು. ಅವರ ನಗು ನಿಂತಿತು. ಕೈಚೀಲ ತೆರೆದು ಅವಳ ಸೋಡಾ ಮುಚ್ಚಳದ ಬಿಲ್ಲೆ ತೆಗೆದು ನನ್ನ ಅಂಗೈಯಲ್ಲಿಟ್ಟರು. ಕೋಣೆ ಖಾಲಿ ಮಾಡುವಾಗ ಅದೊಂದನ್ನು ಜೊತೆಗಿಟ್ಟುಕೊಂಡಿದ್ದರು.

"ನಂಗೆ ಹೇಳಿ ಏನು ಬಂತು ತಾತಾ. ನಾನು ಬಂಗಾರಪೇಟೆ ಅಷ್ಟೇ. ನೀವು ಹೋಗ್ಬೇಕಾದ ಊರು ಮುಂದಿದೆ."

ರೈಲು ಬಂತು. ಪೆಟ್ಟಿಗೆಗಳನ್ನು ಏರಿಸಿದೆ. ಹೊರಟ ರೈಲಿನ ಬಾಗಿಲಲ್ಲಿ ನಿಂತು, ಸೆರಗು ಹಾರುತ್ತಿರಲು, ಎಲ್ಲರಿಗೂ ಕೇಳುವಂತೆ ಕೂಗಿದರು. "ಅರ್ಥ ಆಯ್ತಾ? ಪುರಿಂಜುದಾ?" ಮೂರನೆಯದನ್ನು ರೈಲು ಎತ್ತಿಕೊಂಡು ಹೋಯಿತು. ಬೋಂಡಾದವನು ನನ್ನ ಪರವಾಗಿ, "ಅರ್ಥಮಯಿಂದಿ" ಎಂದು ಕೈಬೀಸಿದ. ನಾನು ಅವರನ್ನು ನೋಡಿದ್ದು ಅದೇ ಕೊನೆ.

ಆ ಸರ್ಟಿಫಿಕೇಟು ಮೂರು ವರ್ಷಕ್ಕೆ ತಾನಾಗಿಯೇ ಸತ್ತುಹೋಗುತ್ತದೆ. ನನ್ನದು ಸತ್ತ ಮೇಲೆ ಇನ್ನೊಮ್ಮೆ ಪರೀಕ್ಷೆಗೆ ಹೋದೆ, ಡಂಪಿಲ್ಲದೆ. ಫೇಲಾದೆ. ಲೈನ್ ಕತ್ತರಿಸುವ ಲೆಕ್ಕವನ್ನೆಲ್ಲ ಸರಿಯಾಗಿಯೇ ಮಾಡಿದ್ದೆ, ಹೊಸದಾಗಿ ಸೇರಿಸಿದ ಪಾಠಗಳು ಕೈಕೊಟ್ಟವು. ಹಾಗಿದ್ದರೂ ವಾಪಸು ಬರುವಾಗ ನಾನೇ ಮೈಸೂರುಪಾಕು ಕೊಂಡು ಬೋಗಿಗೆ ಹಂಚಿದೆ. ಏನು ವಿಶೇಷ ಎಂದವರಿಗೆ ಫೇಲಾದೆ ಎಂದೆ. ಅವರು ಪಾಕನ್ನು ಬಾಯಿಗಿಟ್ಟುಕೊಂಡು ದೂರ ಸರಿದು ಕೂತರು.

ಕಾಮಸಮುದ್ರದ ಹುಡುಗಿ ಈಗ ಹಳ್ಳಿಹಳ್ಳಿಗೆ ಇಂಟರ್ನೆಟ್ಟಿನ ಫೈಬರ್ ಎಳೆಯುತ್ತಾಳೆಂದು ರೈಲಿನಲ್ಲಿ ಒಬ್ಬರು ಹೇಳಿದರು. "ಎಲ್ಮೆಟ್ ಆಕ್ಕೊಂಡು ಕಂಬ ಅತ್ತುತಾಳೆ ಕಣಣ್ಣ, ಕೆಳಗೆ ಅವರಪ್ಪನ ಕುರಿ ನಿಂತು ನೋಡ್ತವೆ." ಕೇಳಿ ಹಿಗ್ಗಿದೆ. ಆದರೆ ಆ ಹಿಗ್ಗು ನನ್ನ ತಪ್ಪನ್ನು ತೊಳೆಯುವುದಿಲ್ಲ. ಅವಳು ಬೆಳೆದದ್ದು ನನ್ನ ಮಾತನ್ನು ದಾಟಿ, ನನ್ನ ಮಾತಿನಿಂದಲ್ಲ.

ಕಾಮಸಮುದ್ರ ಬಂಗಾರಪೇಟೆಗೆ ದೂರವೇನಲ್ಲ. ಪ್ಯಾಸೆಂಜರ್ ರೈಲು ನಿಲ್ಲುತ್ತದೆ, ಬಸ್ಸೂ ಇದೆ. ಇದನ್ನು ಬರೆದು ಮುಗಿಸಿದರೆ ಹೋಗುತ್ತೇನೆಂದು ನಮ್ಮ ಮನೆಯವಳಿಗೆ ಮಾತು ಕೊಟ್ಟಿದ್ದೇನೆ. ಅವಳು ಆಗಲೇ ಡಬ್ಬಿ ತೊಳೆದಿಟ್ಟಿದ್ದಾಳೆ. ಬಿಲ್ಲೆ ನನ್ನ ಅಂಗಿಯ ಜೇಬಿನಲ್ಲಿದೆ. ಉಜ್ಜಿ ಉಜ್ಜಿ ಅಂಚು ನುಣುಪಾಗಿದೆ. ಟೀಚರು ಊರಿನ ಹೆಸರಿನಿಂದ ಕರೆದರು, ನಾನೂ ಇಲ್ಲಿಯವರೆಗೆ ಅದರ ಹಿಂದೆಯೇ ಅಡಗಿಕೊಂಡು ಬರೆದೆ. ಬಿಲ್ಲೆಯ ಮೇಲೆ ಅವಳೇ ಮೊಳೆಯಿಂದ ಗೀಚಿದ, ಸ್ವಲ್ಪ ಸೊಟ್ಟಗಿನ ಅಕ್ಷರಗಳು ಇನ್ನೂ ಓದಲು ಬರುತ್ತವೆ: ಮುನಿಲಕ್ಷ್ಮಿ.