ತುಂಬಿದ ಶೆಡ್ಡು

ಬಡವನಹಳ್ಳಿಯ ಟ್ರಸ್ಟಿನ ಶೆಡ್ಡಿಗೆ ತಪಾಸಣೆ ಬರುತ್ತದೆಂಬ ಸುದ್ದಿ ೧೯೮೪ರ ಬೇಸಿಗೆಯಲ್ಲಿ ಬಂತು. ಹೊಸದಾಗಿ ಕಸುಬು ಹಿಡಿದವರಿಗೆ ಎರಡು ವರ್ಷ ಜಾಗ, ಮಗ್ಗ, ಉಣ್ಣೆ ಕೊಟ್ಟು, ಆಮೇಲೆ ಅವರನ್ನು ಸ್ವಂತ ಕಾಲ ಮೇಲೆ ನಿಲ್ಲಿಸಿ ಕಳಿಸುವುದು ಆ ಟ್ರಸ್ಟಿನ ಕೆಲಸ. ಅಲ್ಲಿ ಕಂಬಳಿ ನೇಯಲು ಕಲಿತ ನಾಗಕ್ಕ ಹಿಂದಿನ ವರ್ಷವೇ ಹೊರಬಂದು, ಪಕ್ಕದ ಹಳ್ಳಿಯ ತನ್ನ ಮನೆಯಲ್ಲಿ ಮಗ್ಗ ಹೂಡಿದ್ದಳು. ಹೆಂಗಸು ಮಗ್ಗಕ್ಕೆ ಕೂರುವುದುಂಟೇ ಎಂದು ಗಂಡನ ಕಡೆಯವರು ಗದರಿದಾಗ ಅವಳ ಪರ ನಿಂತವರು ಶೆಡ್ಡಿನ ಮೇಲ್ವಿಚಾರಕ ನಂದೀಶ್ವರಯ್ಯ ಒಬ್ಬರೇ.

ಅದೇ ನಂದೀಶ್ವರಯ್ಯ ಈಗ ಅವಳ ಬಾಗಿಲಲ್ಲಿ ನಿಂತಿದ್ದರು.

"ನಾಳೆ ಒಂದಿನ ಶೆಡ್ನಲ್ಲಿ ಕೂತ್ಕೊ ನಾಗಕ್ಕ. ಇನ್ನೂ ಕಲೀತಿದೀನಿ ಅನ್ನು. ಮಗ್ಗ ಖಾಲಿ ಕಂಡ್ರೆ ಮುಚ್ಚಿಬಿಡ್ತಾರೆ."

ಮುಚ್ಚಿದರೆ ಅವಳು ಈಗಲೂ ಉಣ್ಣೆ ಹಿಂಜಿಸಿಕೊಳ್ಳುವ ಅಲ್ಲಿನ ಯಂತ್ರವೂ ಹೋಗುತ್ತದೆ. ಅದಿಲ್ಲದೆ ಅವಳ ಮಗ್ಗವೂ ನಿಲ್ಲುತ್ತದೆ. ಅವಳು ಆಗಲೆಂದು ತಲೆಯಾಡಿಸಿದಳು.

ಮರುದಿನ ಶೆಡ್ಡು ತುಂಬಿತ್ತು. ಕಸುಬು ಬಿಟ್ಟು ಕುರಿ ಕಾಯುತ್ತಿದ್ದ ಓಬಳಪ್ಪನನ್ನೂ ಕರೆತಂದು ಕೂರಿಸಿದ್ದರು. ತಪಾಸಣೆಗೆಂದು ಬೆಂಗಳೂರಿನಿಂದ ಬಂದ ಕಮಲಾಕ್ಷಮ್ಮ ಒಂದೊಂದು ಮಗ್ಗದ ಮುಂದೆಯೂ ನಿಂತು ವಿಚಾರಿಸುತ್ತ ಬಂದರು. ಅವರು ಹತ್ತಿರವಾದಂತೆ ನಾಗಕ್ಕನ ಮಗ್ಗದಲ್ಲಿ ಎಳೆ ಕಡಿಯಿತು.

"ಎಲ್ಲರೂ ಇನ್ನೂ ಕಲೀತಾನೇ ಇದ್ದಾರಲ್ಲ ನಂದೀಶ್ವರಯ್ಯ? ಒಬ್ಬರಾದ್ರೂ ಸ್ವಂತ ಕಸುಬು ಹೂಡಿ ಹೊರಗೆ ಹೋಗಿಲ್ವ? ಹಾಗಾದ್ರೆ ಈ ಶೆಡ್ ಯಾತಕ್ಕೆ?" ಎಂದು ಕಮಲಾಕ್ಷಮ್ಮ ಕೇಳಿದರು.

ನಂದೀಶ್ವರಯ್ಯ ತಲೆ ತಗ್ಗಿಸಿದರು. ಯಾರೂ ಹೋಗಿಲ್ಲವೆಂದರೆ ಶೆಡ್ಡು ದಂಡ, ಹೋಗಿದ್ದಾರೆಂದರೆ ತಾವು ಸುಳ್ಳುಗಾರರು. ನಾಗಕ್ಕ ಅವರತ್ತ ನೋಡಿದಳು. ಅವರು ತಲೆ ಎತ್ತಲಿಲ್ಲ.

"ನಾನು ಓಗಿವ್ನಿ ಕಣಮ್ಮ," ಎಂದು ಎದ್ದಳು. "ಮನೇಲಿ ಮಗ್ಗ ಆಕ್ಕಂಡಿವ್ನಿ. ಇವತ್ತು ಸುಮ್ಕೆ ಕೂರಾಕ್ ಬಂದಿದ್ದು."

ಹಿಂದೆಯೇ ಓಬಳಪ್ಪನೂ ಬಾಯಿಬಿಟ್ಟ: "ನಾನು ಬುಟ್ಬುಟ್ಟೆ ಕಣಮ್ಮ. ನೇಯಾದು ಕಲಿಸಿದ್ರು. ಮಾರಾದು ಎಂಗೆ ಅಂತ ಯಾರೂ ಏಳ್ಲಿಲ್ಲ."

ಕಮಲಾಕ್ಷಮ್ಮ ನಾಗಕ್ಕನನ್ನು ಜೀಪು ಹತ್ತಿಸಿಕೊಂಡು ಅವಳ ಮನೆಗೆ ಹೋದರು. ಅರ್ಧ ನೇಯ್ದ ಕಂಬಳಿಯನ್ನು ಮುಟ್ಟಿ ನೋಡಿದರು. ಅಲ್ಲಿಂದ ಕಸುಬು ಬಿಟ್ಟವರ ಮನೆಗಳಿಗೂ ಹೋದರು.

ಶೆಡ್ಡು ಉಳಿಯಿತು. ಹೊರಗೆ ಹೋದವರ ಕಂಬಳಿಗೆ ಸಿರಾದಲ್ಲಿ ಗಿರಾಕಿ ಹುಡುಕುವ ಹೊಣೆಯೂ ಟ್ರಸ್ಟಿನ ಮೇಲೆ ಬಿತ್ತು. ಆದರೆ ನಂದೀಶ್ವರಯ್ಯನನ್ನು ಕೆಲಸದಿಂದ ತೆಗೆದರು.

ಸುದ್ದಿ ತಿಳಿದ ದಿನವೇ ನಾಗಕ್ಕ ಕೊರಟಗೆರೆಯ ಅವರ ಮನೆಗೆ ಹೋದಳು. ಬಹಳ ಹೊತ್ತಿನ ಮೇಲೆ ಅವರು ಹೊರಗೆ ಬಂದರು.

"ನೀನು ತಪ್ಪು ಮಾಡ್ದೆ ಅನ್ನಲ್ಲ," ಎಂದರು. "ಆದ್ರೆ ಇವತ್ತು ನಿನ್ ಜೊತೆ ಮಾತಾಡಕ್ಕೆ ಆಗ್ತಿಲ್ಲ ನಾಗಕ್ಕ."

"ಆಗ್ಲಿ ಬುಡಿ ಅಯ್ನೋರೆ," ಎಂದು ಅವಳು ಜಗಲಿಯಲ್ಲೇ ಕೂತಳು. ಅವರೂ ಒಳಗೆ ಹೋಗಲಿಲ್ಲ. ಬಸ್ಸು ಬರುವವರೆಗೂ ಇಬ್ಬರೂ ಹಾಗೇ ಕೂತಿದ್ದರು.